ಕಂದು ಹಾಕಿದ ವರ್ಷ, ಸೋಂಕು ತಗುಲಿದ ವರ್ಷ



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಕುರಿ ಮತ್ತು ದನಗಳ ಕ್ಲಮೈಡಿಯ ಸೋಂಕನ್ನು. ಕ್ಲಮೈಡಿಯ ಎಂದೊಡನೆ ಕೆಲವರಿಗೆ ಟ್ರಕೋಮ ಎಂಬ ಕಣ್ಣುರೋಗ ನೆನಪಾಗಬಹುದು, ಕೆಲವರಿಗೆ ಗಿಳಿಗಳಿಂದ ಮನುಷ್ಯರಿಗೆ ಹತ್ತುವ ನ್ಯುಮೋನಿಯ, ಇನ್ನು ಕೆಲವರಿಗೆ ಲೈಂಗಿಕ ರೋಗ. ಮೂರೂ ಇದೇ ಕುಲದ ಜೀವಿಗಳಿಂದ ಬರುವಂಥವು. ನಾನು ಮಾತಾಡುವುದು ಆ ಕುಲದ ಇಬ್ಬರು ಸದಸ್ಯರ ಬಗ್ಗೆ ಮಾತ್ರ: ಗಬ್ಬದ ಕುರಿಗಳು ಕಂದು ಹಾಕುವಂತೆ ಮಾಡುವ ಕ್ಲಮೈಡಿಯ ಅಬಾರ್ಟಸ್, ಮತ್ತು ದನಕರುಗಳ ಹೊಟ್ಟೆಯಲ್ಲಿ ಸದ್ದಿಲ್ಲದೆ ಇದ್ದು ಒಮ್ಮೊಮ್ಮೆ ಮಿದುಳಿಗೂ ಕೀಲಿಗೂ ಏರುವ ಕ್ಲಮೈಡಿಯ ಪೆಕೋರಮ್.

ಮೊದಲು ಸ್ಕಾಟ್ಲೆಂಡಿನಲ್ಲಿ ಈ ರೋಗ ಪತ್ತೆಯಾದ ಬಗೆಯನ್ನು ಹೇಳುತ್ತೇನೆ. ಆಮೇಲೆ ಈ ಜೀವಿ ಒಂದು ವರ್ಷ ಹೇಗೆ ಅಡಗಿ ಕೂರುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ವಿವರಿಸುತ್ತೇನೆ, ಏಕೆಂದರೆ ಇಡೀ ವಿಷಯದ ಬೀಗದ ಕೈ ಇರುವುದು ಅಲ್ಲಿ. ಅನಂತರ ದನಗಳ ಕಡೆ ಬಂದು, ಕೊನೆಗೆ ಲಸಿಕೆ, ಮನುಷ್ಯರಿಗಿರುವ ಅಪಾಯ, ನಮ್ಮ ಮಂದೆಗಳು, ಇವುಗಳಿಗೆ ಹೊರಳುತ್ತೇನೆ.

ಸ್ಕಾಟ್ಲೆಂಡಿನ ರೈತರು 1920ರಲ್ಲಿ ಪ್ರಾಣಿರೋಗಗಳ ಸಂಶೋಧನೆಗೆಂದು ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಎಡಿನ್‌ಬರೋ ಹತ್ತಿರದ ಮೊರೆಡನ್ ಸಂಸ್ಥೆ ಬೆಳೆದದ್ದು ಅದರಿಂದ. ಸರ್ಕಾರ ಕೊಡಲಿ ಎಂದು ಕಾಯದೆ ಕುರಿ ಸಾಕುವವರೇ ಮುಂದಾದ ಕಥೆ ಅದು. ನಮ್ಮ ಕುರಿ ಸಾಕಾಣಿಕೆದಾರರ ಸಂಘಗಳ ಗಮನಕ್ಕೆ ಬರಲಿ ಎಂದು ಬೇಕೆಂದೇ ಹೇಳುತ್ತಿದ್ದೇನೆ. 1930ರಿಂದ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ಜಾನ್ ರಸೆಲ್ ಗ್ರೇಗ್. ಇಲ್ಲಿರುವ ಪಶುವೈದ್ಯರಿಗೆ ಅವರ ಹೆಸರು ಗೊತ್ತಿರಲಿಕ್ಕಿಲ್ಲ, ಅವರ ಕೆಲಸ ಗೊತ್ತು. ಈದ ಹಸು ಹಾಲುಜ್ವರದಿಂದ ಕುಸಿದು ಬಿದ್ದಾಗ ನಾವು ರಕ್ತನಾಳಕ್ಕೆ ಏರಿಸುವ ಕ್ಯಾಲ್ಸಿಯಂ ಬೋರೋಗ್ಲುಕೊನೇಟ್ ಬಾಟಲಿಯ ಹಿಂದೆ ಗ್ರೇಗ್ ಮತ್ತು ಅವರ ಸಹೋದ್ಯೋಗಿ ಡ್ರೈಯರ್ ಅವರ ಅಧ್ಯಯನವಿದೆ.

1936ರಲ್ಲಿ ಗ್ರೇಗ್ ಕುರಿಗಳ ಒಂದು ವಿಚಿತ್ರ ಗರ್ಭಪಾತದ ಬಗ್ಗೆ ಬರೆದರು. ಕುರಿಯ ಗರ್ಭಾವಧಿ ಸುಮಾರು 147 ದಿನ. ಈಯಲು ಇನ್ನು ಎರಡು ಮೂರು ವಾರವಿದೆ ಎನ್ನುವಾಗ ಈ ಕುರಿಗಳು ಕಂದು ಹಾಕುತ್ತಿದ್ದವು. ಮರಿಗಳು ಕೊಳೆತಿರುತ್ತಿರಲಿಲ್ಲ, ಉಣ್ಣೆ ಮೂಡಿ ಅಂಗಾಂಗವೆಲ್ಲ ಸರಿಯಾಗಿಯೇ ಬೆಳೆದಿರುತ್ತಿದ್ದವು. ತಾಯಿ ಕುರಿಗೆ ಹೇಳಿಕೊಳ್ಳುವಂಥ ಕಾಯಿಲೆ ಇರುತ್ತಿರಲಿಲ್ಲ, ಮೇಯುತ್ತಿತ್ತು, ನಡೆಯುತ್ತಿತ್ತು. ಒಂದೇ ಮಂದೆಯಲ್ಲಿ ವರ್ಷ ವರ್ಷವೂ ಇದು ಮರುಕಳಿಸುತ್ತಿತ್ತು. ಆರಂಭದಲ್ಲಿ ಅನುಮಾನ ಆಹಾರದ ಕೊರತೆಯ ಕಡೆಗೂ ಹೋಗಿತ್ತು. ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಕುರಿ ಕಂದು ಹಾಕಿದರೆ ಕಳೆದ ವಾರ ಏನು ಮೇಯ್ತು, ಎಲ್ಲಿ ನೀರು ಕುಡಿಯಿತು, ಯಾವ ಟಗರು ಗುದ್ದಿತು ಎಂದು ಕೇಳುವುದು ಎಲ್ಲ ದೇಶದ ಕುರಿಗಾಹಿಗಳ ರೂಢಿ. ಪ್ರಯೋಗಾಲಯವೂ ನೆರವಿಗೆ ಬರುವಂತಿರಲಿಲ್ಲ. ಸಾಮಾನ್ಯ ಬ್ಯಾಕ್ಟೀರಿಯಗಳನ್ನು ಬೆಳೆಸುವ ತಟ್ಟೆಯ ಮೇಲೆ ಕ್ಲಮೈಡಿಯ ಬೆಳೆಯುವುದಿಲ್ಲ, ಅದಕ್ಕೆ ಜೀವಂತ ಕೋಶವೇ ಬೇಕು. ತಟ್ಟೆ ಬರಿದಾಗಿ ಉಳಿದರೆ ವರದಿಯಲ್ಲಿ ಸೋಂಕು ಕಾಣಲಿಲ್ಲ ಎಂದೇ ಬರೆಯಬೇಕಾಗುತ್ತದೆ.

ಹದಿನಾಲ್ಕು ವರ್ಷ ಕಳೆಯಿತು. 1950ರಲ್ಲಿ ಅದೇ ಮೊರೆಡನ್ನಿನ ಸ್ಟ್ಯಾಂಪ್, ಮೆಕ್‌ಈವನ್, ವಾಟ್ ಮತ್ತು ನಿಸ್ಬೆಟ್ ಎಂಬ ನಾಲ್ವರು, ಕಾರಣ ಗಿಳಿರೋಗದ ಗುಂಪಿಗೆ ಸೇರಿದ ಜೀವಿ ಎಂದು ತೋರಿಸಿದರು. ಅವರ ಕಣ್ಣು ಬಿದ್ದದ್ದು ಮಾಸಿನ ಮೇಲೆ. ಈ ರೋಗದಲ್ಲಿ ಮಾಸು ತೊಗಲಿನ ಹಾಗೆ ದಪ್ಪವಾಗುತ್ತದೆ; ಅದರ ಗುಂಡಿಯಾಕಾರದ ಗಂಟುಗಳು ಕೊಳೆತು ಕಂದು, ಹಳದಿ ಬಣ್ಣಕ್ಕೆ ತಿರುಗುತ್ತವೆ; ಗಂಟುಗಳ ನಡುವಿನ ತೆಳುಪೊರೆ ಒರಟಾಗಿ ಕೆಂಪೇರುತ್ತದೆ. ಆ ಗಂಟನ್ನು ಗಾಜಿನ ಮೇಲೆ ಒತ್ತಿ ಬಣ್ಣ ಹಾಕಿದರೆ ಸೂಕ್ಷ್ಮದರ್ಶಕದಲ್ಲಿ ಪುಟ್ಟ ಕೆಂಪು ಚುಕ್ಕೆಗಳು ಹಿಂಡು ಹಿಂಡಾಗಿ ಕಾಣುತ್ತವೆ. ಆ ಬಣ್ಣ ಹಾಕುವ ವಿಧಾನಕ್ಕೆ ಇವತ್ತಿಗೂ ಸ್ಟ್ಯಾಂಪ್ ಅವರ ಹೆಸರಿದೆ. ಅಗ್ಗದ ವಿಧಾನ, ಅರ್ಧ ಗಂಟೆಯ ಕೆಲಸ. ಆದರೆ ಕ್ಯೂ ಜ್ವರ ತರುವ ಕಾಕ್ಸಿಯೆಲ್ಲವೂ ಇದೇ ಬಣ್ಣದಲ್ಲಿ ಸುಮಾರು ಹೀಗೆಯೇ ಕಾಣುತ್ತದೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬೇಕು.

ಆ ಕಾಲಕ್ಕೆ ಈ ಜೀವಿಯನ್ನು ದೊಡ್ಡ ಗಾತ್ರದ ವೈರಸ್ ಎಂದೇ ಭಾವಿಸಿದ್ದರು. 1907ರಲ್ಲಿ ಜಾವಾದಲ್ಲಿ ಹಾಲ್ಬರ್‌ಸ್ಟೆಟರ್ ಮತ್ತು ಪ್ರೊವಾಜೆಕ್ ಟ್ರಕೋಮ ಸೋಂಕಿನ ಕಣ್ಣಿನ ಕೋಶಗಳಲ್ಲಿ ಇದರ ಗುಂಪುಗಳನ್ನು ಮೊದಲ ಬಾರಿ ಗುರುತಿಸಿದ್ದರು. ಅಲ್ಲಿಂದ ಸುಮಾರು ಅರವತ್ತು ವರ್ಷ ಕಳೆದ ಮೇಲೆಯೇ ಇದು ವೈರಸ್ ಅಲ್ಲ, ಬ್ಯಾಕ್ಟೀರಿಯ ಎಂಬುದು ಎಲ್ಲರಿಗೂ ಒಪ್ಪಿತವಾದದ್ದು.

ಇಷ್ಟು ಚರಿತ್ರೆ ಸಾಕು. ಈಗ ಎರಡನೆಯ ಭಾಗಕ್ಕೆ, ಈ ಜೀವಿಯ ಬದುಕಿನ ಕ್ರಮಕ್ಕೆ ಬರೋಣ.

ಕ್ಲಮೈಡಿಯಕ್ಕೆ ಎರಡು ರೂಪಗಳಿವೆ. ಒಂದು ಮೈಕ್ರಾನಿನ ಮೂರನೆಯ ಒಂದು ಭಾಗದಷ್ಟೇ ಗಾತ್ರದ, ಗಟ್ಟಿ ಹೊದಿಕೆಯ ರೂಪ ಮೊದಲನೆಯದು. ಬಿತ್ತನೆ ಬೀಜದಂತೆ ಹೊರಗಿನ ಗಾಳಿ ಮಣ್ಣಿನಲ್ಲಿ ಉಳಿಯಬಲ್ಲದು, ಆದರೆ ಬೆಳೆಯಲಾರದು. ಅದು ಪ್ರಾಣಿಯ ಕೋಶವೊಂದನ್ನು ಹೊಕ್ಕ ಮೇಲೆ ಹಿಗ್ಗಿ, ಹೊದಿಕೆ ಸಡಿಲಿಸಿ, ಸುಮಾರು ಒಂದು ಮೈಕ್ರಾನಿನ ಇನ್ನೊಂದು ರೂಪ ತಾಳುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುವುದು ಈ ರೂಪ. ಎರಡು ಮೂರು ದಿನಗಳಲ್ಲಿ ಕೋಶ ತುಂಬಿ, ಮತ್ತೆ ಗಟ್ಟಿ ರೂಪಕ್ಕೆ ಮರಳಿ, ಕೋಶವನ್ನು ಸೀಳಿಕೊಂಡು ಹೊರಬರುತ್ತದೆ. ಸ್ಕಾಟ್ಲೆಂಡಿನ ಒಂದು ತಳಿಯ ಪೂರ್ಣ ಜೀನೋಮ್ 2005ರಲ್ಲಿ ಪ್ರಕಟವಾಯಿತು. ಅದರ ಉದ್ದ ಸುಮಾರು 11 ಲಕ್ಷ 44 ಸಾವಿರ ಅಕ್ಷರ, ಅಷ್ಟೇ. ಸಾಮಾನ್ಯ ಕರುಳಿನ ಬ್ಯಾಕ್ಟೀರಿಯವಾದ ಇ. ಕೋಲಿಗೆ ಇದರ ನಾಲ್ಕು ಪಟ್ಟು ಇರುತ್ತದೆ. ತಾನೇ ತಯಾರಿಸಿಕೊಳ್ಳಬೇಕಾದ ಎಷ್ಟೋ ಪದಾರ್ಥಗಳನ್ನು ಈ ಜೀವಿ ಆಶ್ರಯ ಕೊಟ್ಟ ಕೋಶದಿಂದಲೇ ಪಡೆಯುತ್ತದೆ.

ಅಂಥ ಪದಾರ್ಥಗಳಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಒಂದು. ಸೋಂಕು ತಗುಲಿದಾಗ ಕುರಿಯ ಶರೀರ ಗ್ಯಾಮಾ ಇಂಟರ್‌ಫೆರಾನ್ ಎಂಬ ರಾಸಾಯನಿಕವನ್ನು ಹೊರಡಿಸುತ್ತದೆ. ಅದು ಕೋಶದೊಳಗಿನ ಟ್ರಿಪ್ಟೊಫ್ಯಾನನ್ನು ನಾಶಪಡಿಸಿ ಕ್ಲಮೈಡಿಯವನ್ನು ಉಪವಾಸ ಕೆಡವುತ್ತದೆ. ಅಬಾರ್ಟಸ್‌ಗೆ ಟ್ರಿಪ್ಟೊಫ್ಯಾನ್ ತಯಾರಿಸಿಕೊಳ್ಳುವ ಜೀನುಗಳಿಲ್ಲ. ಉಪವಾಸ ಬಿದ್ದದ್ದು ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ; ಸುಮ್ಮನೆ ಕೂರುತ್ತದೆ. ಕುರಿ ಮತ್ತೆ ಗಬ್ಬವಾದಾಗ ಮಾಸಿನ ಸುತ್ತ ಶರೀರದ ಪ್ರತಿರೋಧ ತಾನಾಗಿ ಸಡಿಲಗೊಳ್ಳುತ್ತದೆ, ಗರ್ಭ ಉಳಿಯಬೇಕಾದರೆ ಸಡಿಲಗೊಳ್ಳಲೇಬೇಕು. ಆ ಹೊತ್ತಿಗೆ ಕ್ಲಮೈಡಿಯ ಎದ್ದು ಮಾಸಿಗೆ ಸೇರುತ್ತದೆ ಎಂಬುದು ಸದ್ಯದ ವಿವರಣೆ.

ಇದನ್ನು ಕ್ಯಾಲೆಂಡರಿನ ಮೇಲೆ ಇಟ್ಟು ನೋಡೋಣ. ಒಂದು ಕುರಿ ಕಂದು ಹಾಕಿತು ಎನ್ನಿ. ಅದರ ಮಾಸಿನಲ್ಲಿ, ಗರ್ಭದ ನೀರಿನಲ್ಲಿ, ಸತ್ತ ಮರಿಯ ಮೈಮೇಲೆ ಕೋಟಿಗಟ್ಟಲೆ ಕ್ಲಮೈಡಿಯಗಳಿರುತ್ತವೆ. ಅಕ್ಕಪಕ್ಕದ ಕುರಿಗಳು ಅವು ಸೋಕಿದ ಹುಲ್ಲನ್ನು ಮೇಯುತ್ತವೆ, ಮರಿಯನ್ನು ಮೂಸಿ ನೆಕ್ಕುತ್ತವೆ. ಅವುಗಳಲ್ಲಿ ಈಯಲು ಐದಾರು ವಾರಕ್ಕಿಂತ ಹೆಚ್ಚು ಸಮಯವಿರುವ ಕುರಿಗೆ ಸೋಂಕು ತಗುಲಿದರೆ ಅದು ಇದೇ ಸೂಲಿನಲ್ಲಿ ಕಂದು ಹಾಕಬಹುದು. ಅದಕ್ಕಿಂತ ಕಡಿಮೆ ಸಮಯ ಉಳಿದಿರುವ ಕುರಿ, ಆಗಲೇ ಈದಿರುವ ಕುರಿ, ಇನ್ನೂ ಗಬ್ಬವೇ ಆಗದ ಹೆಣ್ಣುಮರಿ, ಇವುಗಳಲ್ಲಿ ಸೋಂಕು ಅಡಗಿ ಕೂರುತ್ತದೆ. ಮುಂದಿನ ಸೂಲಿನಲ್ಲಿ ಗರ್ಭ ಕಟ್ಟಿದ 60ರಿಂದ 90 ದಿನಗಳ ನಡುವೆ ಅದು ಮಾಸನ್ನು ಹೊಗುತ್ತದೆ, 90ನೆಯ ದಿನದ ಆಚೆಗೆ ಮಾಸು ಕೆಡತೊಡಗುತ್ತದೆ. ಕುರಿ ಕಂದು ಹಾಕುವುದು ಅದಾದ ಆರೇಳು ವಾರಕ್ಕೆ.

ಆದ್ದರಿಂದ ಶುದ್ಧವಾಗಿದ್ದ ಮಂದೆಗೆ ಈ ರೋಗ ಹೊಕ್ಕ ಮೊದಲ ವರ್ಷ ಒಂದೆರಡು ಕುರಿ ಮಾತ್ರ ಕಂದು ಹಾಕುತ್ತವೆ. ಬಹುಪಾಲು ಅವು ಹೊರಗಿನಿಂದ ಕೊಂಡು ತಂದವು. ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಎರಡನೆಯ ವರ್ಷ ಮಂದೆಯ ಶೇಕಡಾ 30ರವರೆಗೂ ಕಂದು ಹಾಕಬಹುದು. ಅನಂತರ ರೋಗ ಅಲ್ಲಿಯೇ ನೆಲೆಸಿ, ವರ್ಷಕ್ಕೆ ಶೇಕಡಾ 5ರಿಂದ 10ರ ಲೆಕ್ಕದಲ್ಲಿ ಮುಂದುವರಿಯುತ್ತದೆ. ಹೆಚ್ಚಾಗಿ ಚೊಚ್ಚಲು ಕುರಿಗಳೂ ಹೊಸದಾಗಿ ಬಂದವೂ ತುತ್ತಾಗುತ್ತವೆ. ಒಮ್ಮೆ ಕಂದು ಹಾಕಿದ ಕುರಿಗೆ ಸಾಮಾನ್ಯವಾಗಿ ಜೀವಮಾನದ ರಕ್ಷಣೆ ಸಿಗುತ್ತದೆ, ಮುಂದಿನ ಸಲ ಅದು ಚೆನ್ನಾಗಿಯೇ ಈಯುತ್ತದೆ. ಆ ಕುರಿಯನ್ನು ಸಿಟ್ಟಿನಲ್ಲಿ ಸಂತೆಗೆ ಹೊಡೆದುಬಿಟ್ಟರೆ ನಷ್ಟ ಮಾರಿದವನಿಗೂ ಹೌದು, ತನ್ನ ಶುದ್ಧ ಮಂದೆಗೆ ಅದನ್ನು ಸೇರಿಸಿಕೊಂಡವನಿಗೂ ಹೌದು.

ಮೂರನೆಯ ಭಾಗ ದನಗಳದು. ಇಲ್ಲಿ ಚಿತ್ರ ಇಷ್ಟು ಸ್ಪಷ್ಟವಾಗಿಲ್ಲ.

1940ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಮೆಕ್‌ನಟ್ ಎಂಬ ವಿಜ್ಞಾನಿ ಎಳೆಯ ದನಗಳ ಹೊಸ ಮಿದುಳು ರೋಗವೊಂದನ್ನು ವರ್ಣಿಸಿದರು. ಜ್ವರ, ಮಂಕು, ತೂರಾಡುವ ನಡಿಗೆ, ಗೊರಸು ಮಡಚಿಕೊಂಡು ಮುಗ್ಗರಿಸುವುದು, ಕೆಲವಕ್ಕೆ ಸುತ್ತು ತಿರುಗುವುದು ಅದರ ಲಕ್ಷಣಗಳು. ಹೊಟ್ಟೆ ಎದೆಗಳ ಪೊರೆಯಲ್ಲಿ ನಾರುನಾರಾದ ಕೀವುನೀರು ಕಟ್ಟಿರುತ್ತಿತ್ತು. ಕಾರಣ ಕ್ಲಮೈಡಿಯ. ಕುರಿಮರಿಗಳು ಕೀಲು ಬಿಗಿದು ಕುಂಟುವ ಬೇನೆ, ಕೆಲವು ಕಡೆ ಕಣ್ಣು ಕೆಂಪಾಗಿ ನೀರು ಸುರಿಸುವ ಬೇನೆ, ಇವೂ ಅದೇ ಬಳಗದವು. ಬಹುಕಾಲ ಎಲ್ಲವನ್ನೂ ಗಿಳಿರೋಗದ ಸಿಟ್ಟಾಸಿ ಎಂಬ ಒಂದೇ ಹೆಸರಿಗೆ ಕಟ್ಟಿದ್ದರು. 1992ರಲ್ಲಿ ಜಪಾನಿನ ಫುಕುಶಿ ಮತ್ತು ಹಿರಾಯ್ ಮೆಲುಕು ಹಾಕುವ ಪ್ರಾಣಿಗಳ ಕೆಲವು ತಳಿಗಳನ್ನು ಬೇರ್ಪಡಿಸಿ ಪೆಕೋರಮ್ ಎಂಬ ಪ್ರತ್ಯೇಕ ಪ್ರಭೇದ ಮಾಡಿದರು. 1999ರಲ್ಲಿ ಅಬಾರ್ಟಸ್ ಪ್ರತ್ಯೇಕವಾಯಿತು, ಜೊತೆಗೆ ಕುಲದ ಹೆಸರೂ ಬದಲಾಯಿತು. ಮುಂದೆ ಕುಲದ ಆ ಹೊಸ ಹೆಸರು ಬೇಡವೆಂದು ಹಳೆಯದಕ್ಕೇ ಮರಳಿದರು. ಹಳೆಯ ಪ್ರಬಂಧ ಓದುವ ವಿದ್ಯಾರ್ಥಿ ಗೊಂದಲಪಟ್ಟರೆ ತಪ್ಪು ಅವನದಲ್ಲ.

ಪೆಕೋರಮ್ ಬಹುಪಾಲು ದನಗಳ ಕರುಳಿನಲ್ಲಿ ಲಕ್ಷಣ ತೋರದೆ ಇರುತ್ತದೆ. ಅಬಾರ್ಟಸ್‌ನಂತೆ ಉಪವಾಸ ಬೀಳುವ ಗತಿ ಅದಕ್ಕೆ ಅಷ್ಟಾಗಿಲ್ಲ, ಟ್ರಿಪ್ಟೊಫ್ಯಾನ್ ತಯಾರಿಯ ಜೀನುಗಳನ್ನು ಅದು ಬಹುಮಟ್ಟಿಗೆ ಉಳಿಸಿಕೊಂಡಿದೆ. ಲಕ್ಷಣ ಇಲ್ಲವೆಂದರೆ ನಷ್ಟವೂ ಇಲ್ಲ ಎಂದುಕೊಂಡಿದ್ದವರಿಗೆ 2012ರ ಒಂದು ಅಧ್ಯಯನ ಬೇರೆ ಉತ್ತರ ಕೊಟ್ಟಿತು. ನೋಡಲು ಆರೋಗ್ಯವಾಗಿಯೇ ಇದ್ದ ಕರುಗಳ ಬೆಳವಣಿಗೆಯ ವೇಗ ಈ ಸೋಂಕಿನಿಂದ ಶೇಕಡಾ 48ರವರೆಗೂ ಕುಗ್ಗಿತ್ತು. ಇನ್ನೊಂದು ಸಂಗತಿಯನ್ನು ಹಾದಿಯಲ್ಲೇ ಹೇಳಿಬಿಡುತ್ತೇನೆ: ಆಸ್ಟ್ರೇಲಿಯದ ಕೋಲಾಗಳನ್ನು ಕುರುಡು ಮಾಡಿ, ಬಂಜೆ ಮಾಡಿ ಕೊಲ್ಲುತ್ತಿರುವುದೂ ಇದೇ ಪೆಕೋರಮ್. ವಲಸೆಗಾರರು ತಂದ ಕುರಿ ದನಗಳಿಂದ ಅದು ಕೋಲಾಗಳಿಗೆ ದಾಟಿರಬಹುದೆಂಬ ವಾದವಿದೆ.

ದನಗಳ ವಿಷಯದಲ್ಲಿ ಕ್ಲಮೈಡಿಯದ ಮೇಲೆ ಸುಳ್ಳು ಆರೋಪ ಬಿದ್ದದ್ದೂ ಉಂಟು. ಕ್ಯಾಲಿಫೋರ್ನಿಯದ ಬೆಟ್ಟದ ತಪ್ಪಲುಗಳಲ್ಲಿ ಕಡಸುಗಳು ಗರ್ಭದ ಕೊನೆಯ ಮೂರು ತಿಂಗಳಲ್ಲಿ ಸಾಲುಸಾಲಾಗಿ ಕಂದು ಹಾಕುತ್ತಿದ್ದವು. 1960ರ ಹೊತ್ತಿಗೆ ಆ ಭ್ರೂಣಗಳಲ್ಲಿ ಕ್ಲಮೈಡಿಯ ಸಿಕ್ಕಿತು, ಕಾರಣ ಇದೇ ಎಂದು ಪಠ್ಯಪುಸ್ತಕ ಸೇರಿತು. ಆದರೆ ರಕ್ತ ಹೀರುವ ಒಂದು ಬಗೆಯ ಮೆದು ಉಣ್ಣೆಹುಳು ಇರುವ ಸೀಮೆಯಲ್ಲಿ ಮಾತ್ರ ಈ ರೋಗ ಏಕೆ ಬರುತ್ತದೆ ಎಂಬ ಪ್ರಶ್ನೆ ಉಳಿದೇ ಇತ್ತು. 2005ರ ಸುಮಾರಿಗೆ ನಿಜವಾದ ಕಾರಣ ಆ ಉಣ್ಣೆಹುಳು ಹರಡುವ ಬೇರೊಂದು ಬ್ಯಾಕ್ಟೀರಿಯ ಎಂದು ಗೊತ್ತಾಯಿತು. ಕರುಳಿನಲ್ಲಿ ಮಾಮೂಲಾಗಿ ಇರುವ ಜೀವಿಯೊಂದು ಮಾದರಿಯಲ್ಲಿ ಸಿಕ್ಕಿದ ಮಾತ್ರಕ್ಕೆ ಅದೇ ಅಪರಾಧಿ ಎನ್ನಲಾಗದು ಎಂಬುದಕ್ಕೆ ನಾನು ತರಗತಿಯಲ್ಲಿ ಕೊಡುವ ಉದಾಹರಣೆ ಇದು. ಕುರಿಗಳಲ್ಲಿ ಹದಿನಾಲ್ಕು ವರ್ಷ ಇದ್ದದ್ದು ಕಾಣಲಿಲ್ಲ. ದನಗಳಲ್ಲಿ ಅದರ ಮೂರು ಪಟ್ಟು ಕಾಲ ಇಲ್ಲದ್ದು ಕಂಡಿತು.

ಇನ್ನು ಕೊನೆಯ ಭಾಗ: ತಡೆ, ಅಪಾಯ, ನಮ್ಮ ಮಂದೆಗಳು.

ಮೊಟ್ಟೆಯಲ್ಲಿ ಬೆಳೆಸಿ ಕೊಂದ ಕ್ಲಮೈಡಿಯದಿಂದ ಮೊದಲ ಲಸಿಕೆಯನ್ನು ಮೊರೆಡನ್ನಿನ ತಂಡವೇ 1950ರ ದಶಕದಲ್ಲಿ ತಯಾರಿಸಿತು. ಎರಡು ದಶಕ ಅದು ಚೆನ್ನಾಗಿ ನಡೆಯಿತು, ಆಮೇಲೆ ಲಸಿಕೆ ಹಾಕಿದ ಮಂದೆಗಳಲ್ಲೂ ಕುರಿಗಳು ಕಂದು ಹಾಕತೊಡಗಿದವು. 1980ರ ದಶಕದ ಆರಂಭದಲ್ಲಿ ಫ್ರಾನ್ಸಿನಲ್ಲಿ ಆನಿ ರೊಡೊಲಾಕಿಸ್ ಮತ್ತು ಸಂಗಡಿಗರು ಬೇರೊಂದು ದಾರಿ ಹಿಡಿದರು. ರಾಸಾಯನಿಕದಿಂದ ಮಾರ್ಪಡಿಸಿದ ತಳಿಗಳಲ್ಲಿ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆದು 39.5 ಡಿಗ್ರಿಯಲ್ಲಿ ಬೆಳೆಯಲಾರದ ಒಂದನ್ನು ಆರಿಸಿದರು. ಕುರಿಯ ಮೈಬಿಸಿ ಆ ಮಟ್ಟದ್ದೇ. ಇವತ್ತು ಯೂರೋಪಿನಲ್ಲಿ ಬಳಸುವ ಜೀವಂತ ಲಸಿಕೆ ಆ ತಳಿಯದು. ಅದನ್ನು ಟಗರು ಬಿಡುವುದಕ್ಕೆ ಕನಿಷ್ಠ ನಾಲ್ಕು ವಾರ ಮೊದಲೇ ಹಾಕಬೇಕು, ಗಬ್ಬದ ಕುರಿಗೆ ಹಾಕಬಾರದು, ಜೊತೆಗೆ ಟೆಟ್ರಾಸೈಕ್ಲಿನ್ ಕೊಡಬಾರದು. ಆಗಲೇ ಅಡಗಿರುವ ಸೋಂಕನ್ನು ಅದು ತೊಡೆಯುವುದಿಲ್ಲ. ಲಸಿಕೆ ಹಾಕಿದ ಕೆಲವು ಕುರಿಗಳು ಕಂದು ಹಾಕಿದಾಗ ಅವುಗಳ ಮಾಸಿನಲ್ಲಿ ಲಸಿಕೆಯ ತಳಿಯೇ ಸಿಕ್ಕಿದೆ ಎಂಬ ವರದಿಗಳು 2010ರಿಂದ ಈಚೆಗೆ ಬಂದಿವೆ. ಆದರೂ ಲಸಿಕೆಯಿಂದ ಆಗುವ ಲಾಭದ ಮುಂದೆ ಈ ಅಪಾಯ ಚಿಕ್ಕದು ಎಂಬುದು ನನ್ನ ಅಭಿಪ್ರಾಯ.

ಔಷಧಿಯ ಮಾತು ಚಿಕ್ಕದು. ಗರ್ಭದ 95, 100ನೆಯ ದಿನ ದಾಟಿದ ಮೇಲೆ ಕೆಜಿ ತೂಕಕ್ಕೆ 20 ಮಿಲಿಗ್ರಾಂನಂತೆ ದೀರ್ಘಕಾಲ ಕೆಲಸಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಕೊಟ್ಟರೆ ಕೆಲವು ಮರಿಗಳು ಉಳಿಯುತ್ತವೆ. ಆಗಲೇ ಕೆಟ್ಟಿರುವ ಮಾಸು ಸರಿಯಾಗದು, ಕುರಿ ಈಯುವಾಗ ಸೋಂಕು ಚೆಲ್ಲುವುದೂ ನಿಲ್ಲದು. ಪ್ರತಿವರ್ಷ ಇಡೀ ಮಂದೆಗೆ ಚುಚ್ಚುವುದನ್ನು ನಾನು ಒಪ್ಪುವುದಿಲ್ಲ.

ಮನುಷ್ಯರ ಮಾತಿಗೆ ಬಂದರೆ ಒಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯ. ಬಸುರಿ ಹೆಂಗಸರಿಗೆ ಕ್ಲಮೈಡಿಯ ಅಬಾರ್ಟಸ್ ತಗುಲಿದರೆ ಅದು ಮಾಸಿಗೇ ನುಗ್ಗುತ್ತದೆ. ಮೊದಲು ನೆಗಡಿ ಜ್ವರದಂತೆ ಕಂಡು, ಆಮೇಲೆ ರಕ್ತಕ್ಕೆ ನಂಜೇರಿ, ಮಗು ಹೋಗಿ, ತಾಯಿಯ ಜೀವಕ್ಕೂ ಕುತ್ತಾಗಬಹುದು. ಬ್ರಿಟನ್ನಿನಲ್ಲಿ ಕುರಿ ಈಯುವ ಕಾಲ ಬಂದೊಡನೆ ಪ್ರತಿವರ್ಷ ಆರೋಗ್ಯ ಇಲಾಖೆ ಪ್ರಕಟಣೆ ಹೊರಡಿಸುತ್ತದೆ: ಬಸುರಿಯರು ಈಯುವ ಕುರಿಗಳ ಹತ್ತಿರ ಹೋಗಬಾರದು, ಹೊಸ ಮರಿ ಎತ್ತಿಕೊಳ್ಳಬಾರದು, ಹಟ್ಟಿಯಲ್ಲಿ ಕೆಲಸ ಮಾಡಿದವರ ಬಟ್ಟೆ ಒಗೆಯಬಾರದು. ನಮ್ಮಲ್ಲಿ ಊರೂರು ಸುತ್ತುವ ಕುರಿಗಾಹಿ ಕುಟುಂಬಗಳಲ್ಲಿ ಎಳೆಮರಿಗಳ ಆರೈಕೆ ಹೆಚ್ಚಾಗಿ ಹೆಂಗಸರ ಪಾಲಿಗೆ ಬರುತ್ತದೆ. ಈ ಮಾತು ಅವರಿಗೆ ಮುಟ್ಟಬೇಕಾದರೆ ಆಶಾ ಕಾರ್ಯಕರ್ತೆಯರಿಗೂ ಪಶು ಆಸ್ಪತ್ರೆಗೂ ನಡುವೆ ಮಾತುಕತೆ ಇರಬೇಕು. ಸದ್ಯಕ್ಕೆ ಅದು ತೀರ ಕಡಿಮೆ.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರಪ್ರದೇಶ ಬಿಟ್ಟರೆ ದೇಶದಲ್ಲಿ ಮೂರನೆಯ ಸ್ಥಾನ ನಮ್ಮದು. ಭಾರತದ ಹಲವು ರಾಜ್ಯಗಳ ಕುರಿ, ಮೇಕೆ, ದನಗಳ ರಕ್ತದಲ್ಲಿ ಕ್ಲಮೈಡಿಯದ ಪ್ರತಿಕಾಯಗಳು ಸಿಕ್ಕಿದ ವರದಿಗಳಿವೆ. ಹೀಗಿದ್ದೂ ಕುರಿ ಕಂದು ಹಾಕಿತು ಎಂದರೆ ನಮ್ಮ ಮನಸ್ಸು ನೇರವಾಗಿ ಬ್ರುಸೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯದ ಕಡೆಗೆ ಓಡುತ್ತದೆ. ಬ್ರುಸೆಲ್ಲಾ ಇದೆ, ದೊಡ್ಡ ಸಮಸ್ಯೆಯೇ ಹೌದು. ಹೆಣ್ಣುಕರುಗಳಿಗೆ ಅದರ ಲಸಿಕೆ ಹಾಕುವ ರಾಷ್ಟ್ರೀಯ ಕಾರ್ಯಕ್ರಮ 2019ರಿಂದ ನಡೆಯುತ್ತಿದೆ. ಆದರೆ ಬ್ರುಸೆಲ್ಲಾ ಪರೀಕ್ಷೆಯಲ್ಲಿ ಇಲ್ಲ ಎಂದು ಬಂದ ಕೂಡಲೇ ಕಡತ ಮುಚ್ಚುವ ಅಭ್ಯಾಸ ಬಿಡಬೇಕು. ಗರ್ಭಪಾತದ ಪ್ರತಿ ಮಾದರಿಯ ಮೇಲೂ ಕ್ಲಮೈಡಿಯ, ಕಾಕ್ಸಿಯೆಲ್ಲ, ಟಾಕ್ಸೊಪ್ಲಾಸ್ಮ ಎಂಬ ಮೂರು ಹೆಸರಾದರೂ ಇರಲಿ. ಹೆಬ್ಬಾಳದಲ್ಲಿ 1925ರಿಂದ ಬೆಳೆದುಬಂದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಿದೆ, ಯಲಹಂಕದಲ್ಲಿ ಜಾನುವಾರು ರೋಗಗಳ ಲೆಕ್ಕ ಇಡುವ ರಾಷ್ಟ್ರೀಯ ಸಂಸ್ಥೆಯೇ ಇದೆ. ನಮಗೆ ಕೊರತೆ ಇರುವುದು ಅವುಗಳಿಗೆ ತಲುಪುವ ಒಳ್ಳೆಯ ಮಾದರಿಗಳದು.

ಹಾಗಾದರೆ ಹೊಲದಲ್ಲಿ ಏನು ಮಾಡಬೇಕು? ಕಂದು ಹಾಕಿದ ಕುರಿಯನ್ನು ಮಂದೆಯಿಂದ ಬೇರೆ ಕಟ್ಟಿ. ಮಾಸನ್ನೂ ಸತ್ತ ಮರಿಯನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಕಾವಲು ನಾಯಿಗೆ ಎಸೆಯಬೇಡಿ. ಸುಣ್ಣ ಹಾಕಿ ಆಳವಾಗಿ ಹೂಳಿ. ಆ ಕುರಿಯ ಹಾಲಿಗೆ ತಬ್ಬಲಿ ಹೆಣ್ಣುಮರಿಯನ್ನು ಬಿಡಬೇಡಿ, ಅದೇ ಮರಿ ಮುಂದಿನ ವರ್ಷ ಕಂದು ಹಾಕಬಹುದು. ಹೊಲದೊಡೆಯ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿಕೊಂಡ ಜಾಗದಲ್ಲಿ ಹೀಗಾಗಿದ್ದರೆ ಆ ಮೂಲೆಯನ್ನು ಇನ್ನೊಂದು ಮಂದೆಗೆ ತಕ್ಷಣ ಬಿಟ್ಟುಕೊಡದಿರುವುದು ಒಳ್ಳೆಯದು. ನಮ್ಮ ಬಿಸಿಲು ಈ ಜೀವಿಯ ಆಯಸ್ಸನ್ನು ಕಡಿಮೆ ಮಾಡುತ್ತದೆ, ತಂಪು ಹವೆಯಲ್ಲಿ ಮಾತ್ರ ಅದು ಹಲವು ದಿನ ಉಳಿಯುತ್ತದೆ.

ಪಶುವೈದ್ಯರಿಗೆ ಇನ್ನೊಂದು ಮಾತು. ಹೂಳುವ ಮುನ್ನ ಮಾಸಿನ ಎರಡು ಮೂರು ಗಂಟುಗಳನ್ನು ಕತ್ತರಿಸಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸಿ. ಮಾಸು ಸಿಗದಿದ್ದರೆ ಮರಿಯ ಒದ್ದೆ ಮೈಯನ್ನೋ ತಾಯಿಯ ಯೋನಿಯನ್ನೋ ಹತ್ತಿಯಲ್ಲಿ ಒರೆಸಿ ಕಳಿಸಿದರೂ ನಡೆಯುತ್ತದೆ. ರಕ್ತವನ್ನು ಒಮ್ಮೆ ತೆಗೆದರೆ ಸಾಲದು. ಪೆಕೋರಮ್‌ನ ಪ್ರತಿಕಾಯಗಳು ಹಳೆಯ ಪರೀಕ್ಷೆಗಳಲ್ಲಿ ಅಬಾರ್ಟಸ್‌ನಂತೆಯೇ ತೋರಿ ದಾರಿ ತಪ್ಪಿಸುತ್ತವೆ, ಹಾಗಾಗಿ ಮೂರು ವಾರ ಬಿಟ್ಟು ಇನ್ನೊಮ್ಮೆ ತೆಗೆದು ಪ್ರತಿಕಾಯದ ಮಟ್ಟ ಏರಿದೆಯೇ ಎಂದು ನೋಡಬೇಕು. ಅಷ್ಟು ಹೊತ್ತಿಗೆ ಆ ಮಂದೆ ಇನ್ನೊಂದು ತಾಲ್ಲೂಕಿನಲ್ಲಿರುತ್ತದೆ. ಆದ್ದರಿಂದ ಮಾದರಿಯ ಚೀಟಿಯ ಮೇಲೆ ಊರಿನ ಹೆಸರಿನ ಜೊತೆಗೆ ಕುರಿಗಾಹಿಯ ಮೊಬೈಲ್ ನಂಬರನ್ನೂ, ಮುಂದೆ ಹೋಗುವ ದಾರಿಯನ್ನೂ ಬರೆದುಕೊಳ್ಳಿ.